ಯಲಗೂರಪ್ಪನ ಹೆಸರಿನ ತೀರ್ಪು

ಯಲಗೂರಪ್ಪ ಟಿಕೋಟಾದವನು. ಅಪ್ಪ ಕುರಿ ಕಾಯ್ದು ಬದುಕಿದವನು. ಮಗನಿಗೆ ಕುರಿಯ ಹಿಂದೆ ತಿರುಗುವುದು ಹಿಡಿಸಲಿಲ್ಲ, ಕಬ್ಬಿಣ ಹಿಡಿಸಿತು. ವಿಜಯಪುರದಲ್ಲಿ ಐಟಿಐ ಮುಗಿಸಿ, ಸೊಲ್ಲಾಪುರ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಲೇಥ್ ಓಡಿಸಿದ. ಆಮೇಲೆ ಅದೇ ರಸ್ತೆಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಸ್ವಂತದ ಲೇಥ್ ನಿಲ್ಲಿಸಿದ. ಈಗ ಅವನಿಗೆ ಐವತ್ತಮೂರು. ಮೋಟರಿನ ಶಾಫ್ಟು, ಪಂಪಿನ ಬುಶ್, ಟ್ರೇಲರಿನ ಪಿನ್ನು ಎಲ್ಲ ಮಾಡುತ್ತಿದ್ದನಾದರೂ ಅವನಿಗೆ ಹೆಸರು ಬಂದದ್ದು ದ್ರಾಕ್ಷಿ ತೋಟದವರಿಂದ. ಬಳ್ಳಿಗೆ ಔಷಧಿ ಹೊಡೆಯುವ ಸಾಧನಕ್ಕೆ ಟಿಕೋಟಾ, ಬಬಲೇಶ್ವರದ ಕಡೆ ‘ಗನ್’ ಎಂದೇ ಅನ್ನುತ್ತಾರೆ. ಅದರ ಉದ್ದನೆಯ ನಳಿಗೆ ಬಾಗಿದರೆ, ತುಕ್ಕು ತಿಂದರೆ, ಜನ ಮೋಟರ್‌ಸೈಕಲ್ ಹತ್ತಿ ಯಲಗೂರಪ್ಪನ ಶೆಡ್ಡಿಗೇ ಬರುತ್ತಿದ್ದರು.

ಚೊಕ್ಕ ಮನುಷ್ಯ. ಇನ್ನೊಬ್ಬರು ಕುಡಿದಿಟ್ಟ ಕಪ್ಪನ್ನು ಮುಟ್ಟುತ್ತಿರಲಿಲ್ಲ. ಶೆಡ್ಡಿನ ಮುಂದೆ ಯಾರಾದರೂ ಗುಟಕಾ ಉಗುಳಿದರೆ ಬೈಯುತ್ತಲೇ ಕೊಡ ನೀರು ತಂದು ತಾನೇ ತೊಳೆಯುತ್ತಿದ್ದ. ಲೇಥಿನ ಕೆಳಗೆ ಬಿದ್ದ ಕಬ್ಬಿಣದ ಸುರುಳಿಗಳನ್ನು ದಿನಾ ಸಂಜೆ ಗುಡಿಸಿ ಚೀಲಕ್ಕೆ ತುಂಬದೆ ಮನೆಗೆ ಹೋದವನಲ್ಲ. “ಇವರಿಗೆ ಹೇಸಿಗಿ ಬರದಿದ್ದ ವಸ್ತು ಅಂದ್ರ ಕಬ್ಬಿಣ ಒಂದಾ ನೋಡ್ರಿ. ನನ್ನ ಕೈಯಾಗಿನ ರೊಟ್ಟಿನೂ ಹೊಳ್ಳಿಸಿ ಹೊಳ್ಳಿಸಿ ನೋಡ್ತಾರ” ಎಂದು ಹೆಂಡತಿ ರೇಣುಕಾ ನೆಂಟರ ಮುಂದೆ ನಗುತ್ತಿದ್ದಳು.

ಎರಡು ವರ್ಷಗಳ ಹಿಂದೆ ಪೊಲೀಸರಿಗೆ ಎಲ್ಲೋ ಒಂದು ಗೋಣಿಚೀಲ ಸಿಕ್ಕಿತು. ಅದರಲ್ಲಿ ಅರ್ಧ ಕೊರೆದ ನಳಿಗೆಗಳು, ಅರ್ಧ ಉಜ್ಜಿದ ಹಿಡಿಕೆಗಳು ಇದ್ದವು. ಪೂರ್ತಿಯಾದ ಪಿಸ್ತೂಲು ಒಂದೂ ಇರಲಿಲ್ಲ. ಅದಾದ ಮೇಲೆ ಸರ್ಕಾರದ ಆದೇಶ ಬಂತು. ಲೇಥ್ ಇಟ್ಟವರು ಸಣ್ಣ ನಳಿಗೆ ಕೊರೆದರೆ ಮಾಡಿಸಿದವರ ಹೆಸರು, ಊರು, ಆಧಾರ್ ಪ್ರತಿ ತೆಗೆದುಕೊಂಡು ವಹಿಯಲ್ಲಿ ಬರೆದಿಡಬೇಕು. ತಿಂಗಳಿಗೊಮ್ಮೆ ಠಾಣೆಗೆ ತೋರಿಸಬೇಕು. ಹಾಗೆ ಬರೆಯದ ನಳಿಗೆ ಸಿಕ್ಕರೆ ಅದನ್ನು ‘ಅಪೂರ್ಣ ಬಂದೂಕು ಭಾಗ’ ಎಂದು ಹಿಡಿಯಬಹುದು.

ಆಗ ತೋಟಗಳಲ್ಲಿ ಬಳ್ಳಿ ಸವರುವ ಚಾಟನಿ ಮುಗಿದಿತ್ತು, ಔಷಧಿ ಹೊಡೆಯುವ ಅವಸರ. ರೈತರು ನಿಂತ ಕಾಲಲ್ಲಿ ಪೈಪು ಕೇಳುತ್ತಿದ್ದರು. ಆಧಾರ್ ಎಂದರೆ ಸಿಟ್ಟಾಗುತ್ತಿದ್ದರು. ಯಲಗೂರಪ್ಪ ವಹಿ ತಂದಿಟ್ಟನಾದರೂ ಎರಡು ಪುಟ ತುಂಬಿಸಿ ಬರೆಯುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಬಂದರು. ಮೂಲೆಯಲ್ಲಿ ನಿಲ್ಲಿಸಿದ್ದ ಹದಿನಾಲ್ಕು ಪೈಪು ನೋಡಿ ಒಬ್ಬ ಕೇಳಿದ, “ಇವು ಯಾತರ ಪೈಪ್?”

“ಗನ್ನಿನೂರಿ.”

ಪೊಲೀಸ ತಲೆ ಎತ್ತಿ ನೋಡಿದ.

“ಔಷಧಿ ಹೊಡಿಯೂ ಗನ್ ರೀ ಸಾಹೇಬ್ರ, ದ್ರಾಕ್ಷಿಗೆ.”

“ಗನ್ ಅಂತ ನೀನಾ ಅಂದಿಯಲ್ಲಪಾ. ವಹ್ಯಾಗ ಎಲ್ಲೈತಿ?”

ಹದಿನಾಲ್ಕೂ ಪೈಪು ಪರೀಕ್ಷೆಗೆಂದು ಹೋದವು. ಅವು ತಿರುಗಿ ಬರುವಷ್ಟರಲ್ಲಿ ತೋಟಗಳಲ್ಲಿ ರೋಗ ಬಿದ್ದು, ಮಾಡಿಸಿದ ರೈತರು ಯಲಗೂರಪ್ಪನನ್ನೇ ಬೈದುಕೊಂಡು ಹೋದರು.

ಅದೇ ರಸ್ತೆಯಲ್ಲಿ ಸುಭಾಷನ ವರ್ಕ್‌ಶಾಪು. ನಾಲ್ಕು ಲೇಥ್ ಇದ್ದ ದೊಡ್ಡ ಅಂಗಡಿ. ವಯಸ್ಸಿನಲ್ಲಿ ಯಲಗೂರಪ್ಪನಿಗಿಂತ ಚಿಕ್ಕವನು, ಲೇಥ್ ಮಾಲೀಕರ ಸಂಘಕ್ಕೆ ಅವನೇ ಅಧ್ಯಕ್ಷ. ಒಂದು ದಿನ ಚಹಾ ತರಿಸಿ ಶೆಡ್ಡಿನಲ್ಲಿ ಬಂದು ಕುಳಿತ.

“ಯಲಗೂರಣ್ಣಾ, ಈ ಆದೇಶದ ಮ್ಯಾಲೆ ಹೈಕೋರ್ಟಿಗೆ ಹೋಗೂಣು. ಅರ್ಜಿ ನಿನ್ನ ಹೆಸರಿಲೆ ಇರಲಿ.”

“ನನ್ನ ಹೆಸರಿಲೆ ಯಾಕೋ? ಅಧ್ಯಕ್ಷ ನೀ ಅದಿ.”

“ನಿನ್ನ ಮ್ಯಾಲೆ ಒಂದ ದೂರಿಲ್ಲ. ಹೋಗಿದ್ದೂ ನಿನ್ನ ಪೈಪಾ. ದ್ರಾಕ್ಷಿಯವರು ನಿನ್ನ ಪರವಾಗಿ ಬಂದು ಹೇಳ್ತಾರ. ಜಡ್ಜ್ ಸಾಹೇಬ್ರ ಮುಂದ ನಿನ್ನಂಥ ಮನಷ್ಯಾನ ನಿಂದರಬೇಕು.”

ಯಲಗೂರಪ್ಪನಿಗೆ ಆ ಮಾತು ಹಿತವಾಯಿತು. ತನಗಾದದ್ದು ಅನ್ಯಾಯವೆಂದು ಅವನು ಮನಸಾರೆ ನಂಬಿದ್ದ, ನಂಬುವುದಕ್ಕೆ ಕಾರಣವೂ ಇತ್ತು. ಜೋರಾಪುರ ಪೇಟೆಯಲ್ಲಿದ್ದ ಈರಯ್ಯ ವಕೀಲರ ಮನೆಗೆ ಇಬ್ಬರೂ ಹೋದರು. ಈರಯ್ಯನವರು ಎಲ್ಲವನ್ನೂ ಕೇಳಿಕೊಂಡು ಮೇಜಿನ ಮೇಲಿದ್ದ ಪೆನ್ನಿನ ಟೋಪಿ ತೆಗೆದು ತೋರಿಸಿದರು.

“ಇದು ಪೆನ್ ಏನು? ಅಲ್ಲ. ಕಬ್ಬಿಣದ ನಳಿಗಿ ಕಬ್ಬಿಣದ ನಳಿಗಿನಾ. ಮುಂದ ಏನಾದೀತು ಅಂತ ಅಂಜಿ ಇವತ್ತಾ ಅದನ್ನ ಬಂದೂಕು ಅನ್ನಾಕ ಬರೂದಿಲ್ಲ. ಇಷ್ಟಾ ನಮ್ಮ ವಾದ.”

ಪ್ರಮಾಣಪತ್ರ ತಯಾರಾಯಿತು. ಅದರಲ್ಲಿ ಒಂದು ಸಾಲು ಹೀಗಿತ್ತು: ಸೊಲ್ಲಾಪುರ ರಸ್ತೆಯ ಯಾವ ವರ್ಕ್‌ಶಾಪಿನಲ್ಲೂ ಆಯುಧಕ್ಕೆ ಸಂಬಂಧಿಸಿದ ಕೆಲಸ ನಡೆದಿಲ್ಲ, ಇದು ನನ್ನ ತಿಳಿವಳಿಕೆಯ ಮಟ್ಟಿಗೆ ನಿಜ. ಯಲಗೂರಪ್ಪ ಓದಿ ಸಹಿ ಮಾಡಿದ. ಆಗ ಅವನಿಗೆ ಧೂಳಪ್ಪನ ನೆನಪಾಗಲಿಲ್ಲ. ಆಗಬಾರದೆಂದೇ ಆಗಲಿಲ್ಲವೋ ಏನೋ.

ಧೂಳಪ್ಪ ಬಬಲೇಶ್ವರದ ಕಡೆಯವನು. ಹಳೆಯ ಪಂಪು, ಗುಜರಿ ಮೋಟರು ಕೊಂಡು ಮಾರುವ ಮನುಷ್ಯ. ಆದೇಶ ಬರುವುದಕ್ಕಿಂತ ಮುಂಚೆ ಇಪ್ಪತ್ತು ನಳಿಗೆ ಮಾಡಿಸಿಕೊಂಡು ಹೋಗಿದ್ದ. ಔಷಧಿಯ ಗನ್ನಿಗೆ ಅವು ಗಿಡ್ಡವಾಗಿದ್ದವು, ದಪ್ಪವಾಗಿದ್ದವು. “ಇದು ಯಾವ ಮಷೀನಿಗೆ?” ಎಂದು ಯಲಗೂರಪ್ಪ ಕೇಳಿದ್ದ. “ಹೊಸಾ ನಮೂನಿ ಬಂದೈತಿ ಅಣ್ಣಾ, ಮಹಾರಾಷ್ಟ್ರದ್ದು” ಎಂದು ಧೂಳಪ್ಪ ಹೇಳಿದ್ದ. ಯಲಗೂರಪ್ಪ ಮತ್ತೆ ಕೇಳಲಿಲ್ಲ. ಕೆಲಸ ಚೊಕ್ಕ ಬರುತ್ತಿತ್ತು, ಲೇಥು ನುಣ್ಣಗೆ ಓಡುತ್ತಿತ್ತು. ಎರಡನೆಯ ಸಲ ಕೇಳಿದರೆ ಬೇರೆ ಉತ್ತರ ಬಂದೀತೆಂಬ ಅಂಜಿಕೆ ಅವನಿಗೆ ಆಗಲೇ ಇತ್ತು.

ಮೊಕದ್ದಮೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಡ್ರಿಲ್ ಬಿಟ್ ಕಡ ತರಲೆಂದು ಯಲಗೂರಪ್ಪ ಸುಭಾಷನ ಅಂಗಡಿಗೆ ಹೋದ. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಬೆಂಚಿನ ಮೇಲೆ ಎಣ್ಣೆ ಹಚ್ಚಿದ ಅರಿವೆಯಲ್ಲಿ ಹತ್ತು ಹನ್ನೆರಡು ನಳಿಗೆ ಸಾಲಾಗಿ ಮಲಗಿದ್ದವು. ಗಿಡ್ಡ, ದಪ್ಪ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಔಷಧಿಯ ನೀರು ಹರಿಯುವುದಕ್ಕೆ ಯಾರೂ ಅಷ್ಟು ಉಜ್ಜುವುದಿಲ್ಲ.

“ಸುಭಾಷ, ಏನಿದು?”

ಸುಭಾಷ ಗಾಬರಿಯಾಗಲಿಲ್ಲ. “ನಳಿಗಿ.”

“ಯಾತಕ್ಕ?”

“ಅರ್ಧಾ ಕೆಲಸ ನಂದು. ಉಳದರ್ಧಾ ಯಾರೋ, ಎಲ್ಲೋ. ಅರ್ಧಾ ಕೊರದದ್ದು ಏನೂ ಅಲ್ಲ ಅಂತ ನಿನ್ನ ವಕೀಲರಾ ಹೇಳ್ಯಾರಲ್ಲಣ್ಣಾ? ನೀನಾ ಸಹಿ ಮಾಡಿಯಲ್ಲ?”

ಯಲಗೂರಪ್ಪ ನಳಿಗೆಯನ್ನು ಕೆಳಗಿಟ್ಟ. ಬೆರಳಿಗೆ ಅಂಟಿದ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ. ಎಂದೂ ಅಂಗಿಗೆ ಎಣ್ಣೆ ಒರೆಸಿಕೊಂಡವನಲ್ಲ ಅವನು. ಶೆಡ್ಡಿಗೆ ಬಂದು ಮೂರು ಸಲ ಸೋಪು ಹಚ್ಚಿ ಕೈ ತೊಳೆದ. ಊಟದ ಡಬ್ಬಿ ತೆಗೆದರೆ ಬದನೆಕಾಯಿಯ ಎಣ್ಣೆ ಕಂಡಿತು, ಹಾಗೆಯೇ ಮುಚ್ಚಿಟ್ಟ. ಸುಭಾಷನ ಬಗ್ಗೆ ಹೇಸಿಗೆ ಬಂದಿತ್ತು, ನಿಜ. ಅದಕ್ಕಿಂತ ಕೆಟ್ಟ ಹೇಸಿಗೆ ಇನ್ನೊಂದಿತ್ತು. ಆ ನಳಿಗೆಗಳನ್ನು ನೋಡಿದ ಕೂಡಲೇ, ತಾನು ಧೂಳಪ್ಪನಿಗೆ ಮಾಡಿಕೊಟ್ಟವು ಇವುಗಳಿಗಿಂತ ನುಣುಪಾಗಿದ್ದವು ಎಂದು ಅವನ ಮನಸ್ಸು ತನ್ನಷ್ಟಕ್ಕೆ ಹೋಲಿಸಿ ನೋಡಿತ್ತು.

ಆದರೂ ಅವನು ಯಾರಿಗೂ ಏನೂ ಹೇಳಲಿಲ್ಲ. ಸಂಘ, ವಕೀಲರು, ದಿನಾ ಮುಖ ನೋಡುವ ಅಕ್ಕಪಕ್ಕದ ಅಂಗಡಿಯವರು, ಎಲ್ಲರನ್ನೂ ಎದುರು ಹಾಕಿಕೊಳ್ಳುವ ಧೈರ್ಯ ಬರಲಿಲ್ಲ. ಹೀಗೆ ಎರಡು ತಿಂಗಳು ಕಳೆದವು.

ಮಾರ್ಚಿನಲ್ಲಿ ಬಬಲೇಶ್ವರದ ಹತ್ತಿರ ಒಂದು ತೋಟದಲ್ಲಿ ಅನಾಹುತವಾಯಿತು. ತೋಟದ ಮಾಲೀಕ ಹಂದಿ ಓಡಿಸಲೆಂದು ಕಳ್ಳ ಬಂದೂಕು ಇಟ್ಟುಕೊಂಡಿದ್ದ. ಹಾಡಹಗಲೇ ಅದನ್ನು ಹಾರಿಸಲು ಹೋಗಿ ನಳಿಗೆ ಸಿಡಿಯಿತು. ಅವನ ಎರಡು ಬೆರಳು ಹೋದವು. ಪಕ್ಕದ ಸಾಲಿನಲ್ಲಿ ದ್ರಾಕ್ಷಿಗೊನೆ ಕತ್ತರಿಸುತ್ತಿದ್ದ ಬೋರವ್ವ ಎಂಬ ಕೂಲಿ ಹೆಂಗಸಿನ ಕಾಲಿಗೆ ಕಬ್ಬಿಣದ ಚೂರು ಹೊಕ್ಕಿತು. ಗಾಯ ಕೊಳೆತು, ಹದಿನೈದು ದಿನಕ್ಕೆ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಪಿಎಸ್‌ಐ ಒಬ್ಬರು ಸೊಲ್ಲಾಪುರ ರಸ್ತೆಯ ಅಂಗಡಿ ಅಂಗಡಿಗೂ ಬಂದು ಸಿಡಿದ ನಳಿಗೆಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದರು. ಯಲಗೂರಪ್ಪ ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದ. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕಬ್ಬಿಣ ಸುಲಿದುಕೊಂಡಿತ್ತು. ಸುಲಿದ ಒಂದು ಎಳೆಗೆ ಏನೋ ಒಣಗಿ ಅಂಟಿತ್ತು. ಅದು ಏನೆಂದು ತಿಳಿದ ಕೂಡಲೇ ಫೋನು ಹಿಂದಕ್ಕೆ ಕೊಟ್ಟ.

“ಯಾರ ಕೈಯಾಗಿನ ಕೆಲಸ, ಗೊತ್ತಾಗ್ತೈತೇನು?”

“ಇಲ್ರಿ ಸಾಹೇಬ್ರ.”

ಅದು ಸುಳ್ಳಲ್ಲ. ತನ್ನ ಇಪ್ಪತ್ತರಲ್ಲಿ ಒಂದೋ, ಸುಭಾಷನ ಹನ್ನೆರಡರಲ್ಲಿ ಒಂದೋ, ಅವನಿಗೆ ನಿಜಕ್ಕೂ ಗೊತ್ತಾಗಲಿಲ್ಲ. ಹೆಸರು ಬರೆದಿಟ್ಟಿದ್ದರೆ ಗೊತ್ತಾಗುತ್ತಿತ್ತು. ಬರೆಯುವುದಿಲ್ಲವೆಂದು ಹೈಕೋರ್ಟಿಗೆ ಹೋದವನು ತಾನು. ಪಿಎಸ್‌ಐ ಮುಂದಿನ ಅಂಗಡಿಗೆ ನಡೆದ ಮೇಲೆ ಯಲಗೂರಪ್ಪ ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

ತೀರ್ಪು ಬಂದದ್ದು ಏಪ್ರಿಲ್‌ನಲ್ಲಿ. ಯಲಗೂರಪ್ಪ ಗೆದ್ದ. ಕಾಯ್ದೆ ಹೇಳಿದ್ದಕ್ಕಿಂತ ಹೆಚ್ಚಿನ ಅರ್ಥವನ್ನು ಒಂದು ಆದೇಶ ಹುಟ್ಟಿಸಲಾರದು, ಬೇರೆ ಉಪಯೋಗವೂ ಇರುವ ಅಪೂರ್ಣ ನಳಿಗೆಯನ್ನು ಅಷ್ಟರಿಂದಲೇ ಆಯುಧದ ಭಾಗ ಎನ್ನಲಾಗದು ಎಂದು ಬರೆದಿತ್ತು. ಓದಿದರೆ ತಪ್ಪೆನ್ನುವಂಥ ಮಾತೇನೂ ಅದರಲ್ಲಿ ಇರಲಿಲ್ಲ. ಸಂಘದವರು ರಸ್ತೆಯಲ್ಲಿ ಪಟಾಕಿ ಹಾರಿಸಿದರು. ಯಲಗೂರಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ ಚೆಂಡುಹೂವಿನ ಹಾರ ಹಾಕಿ, ಬಾಯಿಗೆ ಪೇಢೆ ತುರುಕಿದರು. ತುರುಕಿದ ಬೆರಳು ಸುಭಾಷನದು.

“ಇವತ್ತ ಯಲಗೂರಣ್ಣ ನಮ್ಮೆಲ್ಲಾರ ಹೊಟ್ಟಿಮ್ಯಾಲಿನ ಕಲ್ಲು ತಗದಾನ!” ಎಂದು ಅವನು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಪೇಢೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಯಲಗೂರಪ್ಪ ಗಲ್ಲದಲ್ಲಿ ಇಟ್ಟುಕೊಂಡು ಕುಳಿತ. ಫೋಟೋ ತೆಗೆದವನು ನಗು ಎಂದ.

ನಾಲ್ಕು ದಿನಕ್ಕೆ ಧೂಳಪ್ಪ ಶೆಡ್ಡಿಗೆ ಬಂದ. ಕೈಚೀಲದಲ್ಲಿ ಮಾದರಿ ನಳಿಗೆ.

“ಇನ್ನ ಅಂಜಿಕಿ ಇಲ್ಲ ಅಣ್ಣಾ. ನಿನ್ನ ಹೆಸರಿಲೆ ತೀರ್ಪು ಆಗೇತಿ. ನಮ್ಮ ಕಡೆ ಎಲ್ಲಾರೂ ನಿನ್ನ ಹೆಸರಾ ತಗೋತಾರ. ಮೊದಲಿನಂಗ ಇಪ್ಪತ್ತ ಮಾಡಿ ಕೊಡು.”

“ಎದ್ದ ಹೊರಗ ನಡಿ.”

“ಯಾಕ, ಏನಾತು?”

“ಬೋರವ್ವನ ಕಾಲು ಹೋಗೇತಿ, ಗೊತ್ತಿಲ್ಲೇನು ನಿನಗ? ನಡಿ ಅಂದೆ. ನಿನ್ನ ನೋಡಿದ್ರ ಹೊಟ್ಟಿ ತೊಳಸತೈತಿ.”

ಧೂಳಪ್ಪ ನಿಧಾನವಾಗಿ ಎದ್ದ. ನಳಿಗೆಯನ್ನು ಚೀಲಕ್ಕೆ ಹಾಕಿಕೊಂಡ. “ಹಿಂದಕ ಇಪ್ಪತ್ತ ಕೊರದು ಕೊಟ್ಟಾಗ ತೊಳಸಿರಲಿಲ್ಲಲ್ಲ ಅಣ್ಣಾ?” ಎಂದು ಹೇಳಿ ಹೋದ.

ಆ ದಿನ ಸಂಜೆಯೇ ಯಲಗೂರಪ್ಪ ಎಲ್ಲವನ್ನೂ ರೇಣುಕಾಗೆ ಹೇಳಿದ. ಠಾಣೆಗೆ ಹೋಗಿ ಹೇಳಿಬಿಡುತ್ತೇನೆಂದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಹೋಗಿ ಜೇಲಿನ್ಯಾಗ ಕುಂಡ್ರತೀರೇನು? ಸುವರ್ಣಾನ ಲಗ್ನ ಗೊತ್ತಾಗೇತಿ. ಬೀಗರು ಏನಂದಾರು?” ಸುವರ್ಣಾ ಅವರ ಒಬ್ಬಳೇ ಮಗಳು.

“ನನಗ ನನ್ನ ಕೈಯಾಗಿನ ಅನ್ನ ಉಣ್ಣಾಕ ಆಗವಲ್ದು ರೇಣುಕಾ.”

“ನಿಮ್ಮ ಹೇಸಿಗಿ ನಿಮಗ ದೊಡ್ಡದು. ಕಪ್ಪು ತೊಳದಂಗ ಇದನ್ನೂ ತೊಳ್ಕೋತೀನಿ ಅಂತೀರಿ. ಹೋಗೂದು ಹೋಗ್ತೀರಿ, ಮೊದಲ ಆ ಹೆಣ್ಮಗಳ ಮನಿಗೆ ಹೋಗಿ ಬರ್ರಿ. ಪೊಲೀಸರ ಮುಂದ ನಿಂದ್ರೂದು ಸರಳ.”

ಮರುದಿನ ಅವನು ಬಬಲೇಶ್ವರಕ್ಕೆ ಹೋದ. ಬೋರವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಳು. ಅರವತ್ತರ ಹತ್ತಿರದ ಹೆಂಗಸು. ಸೀರೆಯ ಸೆರಗನ್ನು ಇಲ್ಲದ ಕಾಲಿನ ಮೇಲೆ ಹೊದಿಸಿಕೊಂಡಿದ್ದಳು. ಯಲಗೂರಪ್ಪ ತಾನು ಯಾರೆಂದು ಹೇಳಿದ. ಅಂಥ ನಳಿಗೆ ತಾನು ಮಾಡಿದ್ದೆ, ಸಿಡಿದದ್ದು ತನ್ನದಿರಬಹುದು, ಇಲ್ಲದಿರಲೂಬಹುದು ಎಂದ.

ಬೋರವ್ವ ಅವನ ಕೈಗಳನ್ನು ನೋಡಿದಳು.

“ನೀ ಮಾಡಿದ್ದೋ, ಅಂವ ಮಾಡಿದ್ದೋ, ತಗೊಂಡು ನಾ ಏನ ಮಾಡ್ಲಿ? ಕ್ಷಮಾ ಮಾಡಂತ ಬಂದಿಯೇನು?”

“ಇಲ್ಲವ್ವಾ. ಹೇಳಬೇಕು ಅನಿಸ್ತು.”

“ಹೇಳಿದಿ. ಇನ್ನ ನಡಿ. ಬಿಸಲಾಗ ನಿಂತಿ, ನೀರು ಕುಡದು ಹೋಗು ಅನ್ನಾಕೂ ನನಗ ಮನಸಿಲ್ಲ.”

ಅಲ್ಲಿಂದ ಅವನು ನೇರವಾಗಿ ಠಾಣೆಗೆ ಹೋದ. ಫೋಟೋ ತೋರಿಸಿದ್ದ ಪಿಎಸ್‌ಐ ಅವರೇ ಇದ್ದರು. ಎಲ್ಲ ಕೇಳಿ, “ಇದನ್ನ ಬರಕೊಂಡ್ರ ನೀನೂ ಆರೋಪಿ ಆಗ್ತಿ, ತಿಳಕೊಂಡಿಯೇನು?” ಎಂದರು.

“ಬರಕೋರಿ.”

ಸುಭಾಷನ ಹಿಂದಿನ ಕೋಣೆಯ ಮಾತನ್ನೂ ಹೇಳಿದ. ಪೊಲೀಸರು ಹೋಗುವಷ್ಟರಲ್ಲಿ ಅಲ್ಲಿ ಹಳೆಯ ಟೈರುಗಳಷ್ಟೇ ಇದ್ದವು. ಧೂಳಪ್ಪನ ಮನೆಯಲ್ಲಿ ಮಾತ್ರ ಒಂಬತ್ತು ನಳಿಗೆ ಸಿಕ್ಕವು. ಒಂಬತ್ತೂ ಅರ್ಧ ಕೊರೆದವು. ತೋಟದ ಮಾಲೀಕ ಮೊದಲ ಆರೋಪಿ, ಧೂಳಪ್ಪ ಎರಡನೆಯವನು, ಯಲಗೂರಪ್ಪ ಮೂರನೆಯವನು. ಎಂಟು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಸಂಘದವರು ಅವನೊಡನೆ ಮಾತು ಬಿಟ್ಟರು. ಸುವರ್ಣಾನ ಲಗ್ನ ಮುಂದೆ ಹೋಯಿತು, ಮುರಿಯಲಿಲ್ಲ. ಈರಯ್ಯ ವಕೀಲರು ಮಾತ್ರ ಕೈ ಬಿಡಲಿಲ್ಲ. ಆದರೆ ಪ್ರತಿ ಸಲ ಸಿಕ್ಕಾಗಲೂ, “ಯಾರ ಮಾತು ಕೇಳಿ ಹೋದಿ ಮಾರಾಯಾ” ಎನ್ನುತ್ತಿದ್ದರು.

ಆರೋಪದಿಂದ ಕೈಬಿಡುವಂತೆ ಧೂಳಪ್ಪ ಅರ್ಜಿ ಹಾಕಿದ. ವಿಜಯಪುರದ ಕೋರ್ಟಿನಲ್ಲಿ ವಾದದ ದಿನ ಅವನ ವಕೀಲರು ಎದ್ದು ನಿಂತು ಕೈಯಲ್ಲಿದ್ದ ಕಾಗದ ಓದತೊಡಗಿದರು. “ಯಲಗೂರಪ್ಪ ವಿರುದ್ಧ ಸರ್ಕಾರ ಪ್ರಕರಣದಲ್ಲಿ ಹೈಕೋರ್ಟು ಹೇಳಿದಂತೆ, ಸ್ವಾಮಿ, ಅಪೂರ್ಣ ನಳಿಗೆಯು ಆಯುಧದ ಭಾಗವಲ್ಲ. ಯಲಗೂರಪ್ಪ ತೀರ್ಪಿನ ಪ್ರಕಾರ ನನ್ನ ಕಕ್ಷಿದಾರನ ಮನೆಯಲ್ಲಿ ಸಿಕ್ಕಿದ್ದು ಬರೀ ಕಬ್ಬಿಣ.” ಅರ್ಧ ಗಂಟೆಯಲ್ಲಿ ಆ ಹೆಸರು ಹತ್ತಾರು ಸಲ ಬಂತು. ಪ್ರತಿ ಸಲವೂ ಮೈಮೇಲೆ ಯಾರೋ ಉಗುಳಿದಂತೆ ಯಲಗೂರಪ್ಪ ಮುಖ ಕಿವುಚುತ್ತಿದ್ದ.

ನ್ಯಾಯಾಧೀಶರು ಆರೋಪಿಗಳ ಪಟ್ಟಿ ನೋಡಿ ತಲೆ ಎತ್ತಿದರು. “ಮೂರನೆಯ ಆರೋಪಿ... ಈ ಯಲಗೂರಪ್ಪ ನೀವೇನಾ?”

“ನಾನಾ ರೀ ಸಾಹೇಬ್ರ.”

ಹಿಂದೆ ಕುಳಿತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಈರಯ್ಯನವರು ಎದ್ದು, ಅದೇ ತೀರ್ಪು ತಮ್ಮ ಕಕ್ಷಿದಾರನಿಗೂ ಅನ್ವಯಿಸುತ್ತದೆ ಎಂದರು. ಆ ತೀರ್ಪನ್ನು ತನಗೆ ಹಚ್ಚಬೇಡಿರೆಂದು ಯಲಗೂರಪ್ಪ ಅವರಿಗೆ ಮೊದಲೇ ಕೈ ಮುಗಿದು ಹೇಳಿದ್ದ. ಈಗ ಅವನೇ ಗಟ್ಟಿಯಾಗಿ ಮಾತಾಡಿದ. “ಸಾಹೇಬ್ರ, ಅವು ಯಾತಕ್ಕ ಹೋಗ್ತಾವಂತ ನನಗ ಗೊತ್ತಿತ್ರಿ. ಪೂರಾ ಗೊತ್ತಿರಲಿಲ್ಲ. ಅರ್ಧಾ ಗೊತ್ತಿತ್ತು.”

ಈರಯ್ಯನವರು ಅವನ ತೋಳು ಜಗ್ಗಿದರು. ಈ ಹಂತದಲ್ಲಿ ಅದು ಸಾಕ್ಷ್ಯವಾಗುವುದಿಲ್ಲ, ವಕೀಲರ ಮೂಲಕವೇ ಮಾತಾಡಬೇಕು ಎಂದು ನ್ಯಾಯಾಧೀಶರು ಸಮಾಧಾನದಿಂದಲೇ ಹೇಳಿ ಬರೆಯತೊಡಗಿದರು. ಹದಿನೈದು ದಿನದ ಮೇಲೆ ಆದೇಶ ಬಂತು. ಎರಡನೆಯ ಮತ್ತು ಮೂರನೆಯ ಆರೋಪಿಗಳನ್ನು ಕೈಬಿಡಲಾಗಿತ್ತು. ತೋಟದ ಮಾಲೀಕನ ವಿಚಾರಣೆ ಮುಂದುವರಿಯಿತು.

ಕೋರ್ಟಿನ ಮೆಟ್ಟಿಲ ಹತ್ತಿರ ಧೂಳಪ್ಪ ಅವನ ಕಾಲು ಮುಟ್ಟಲು ಬಗ್ಗಿದ. “ನಿನ್ನ ಉಪಕಾರ ಮರಿಯೂದಿಲ್ಲ ಅಣ್ಣಾ.” ಯಲಗೂರಪ್ಪ ಹಾವು ಕಂಡವನಂತೆ ಹಿಂದೆ ಸರಿದ. ಅಲ್ಲಿದ್ದ ನಲ್ಲಿಯಲ್ಲಿ ಚಪ್ಪಲಿ ಬಿಟ್ಟು ಎರಡೂ ಪಾದ ತೊಳೆದುಕೊಂಡ. ಜೊತೆಗೆ ಬಂದಿದ್ದ ರೇಣುಕಾ ಒರೆಸಿಕೊಳ್ಳಲು ಸೆರಗು ಕೊಟ್ಟಳು.

ಶೆಡ್ಡು ಈಗಲೂ ಇದೆ. ಮುಂದೆ ಒಂದು ತಗಡಿನ ಬೋರ್ಡು: ‘ಇಲ್ಲಿ ಪೈಪ್ ಕೊರೆಯುವುದಿಲ್ಲ’. ಶಾಫ್ಟು, ಪಿನ್ನು, ಬುಶ್ ಅಷ್ಟೇ. ದ್ರಾಕ್ಷಿಯವರು ಒಬ್ಬೊಬ್ಬರಾಗಿ ಬಿಟ್ಟರು. ಬೋರ್ಡು ನೋಡಿ ರಸ್ತೆಯವರು ನಗುತ್ತಾರೆ. ಸುಭಾಷ ಐದನೆಯ ಲೇಥು ಹಾಕಿದ್ದಾನೆ.

ಮೊನ್ನೆ ಇಟ್ಟಂಗಿಹಾಳದಿಂದ ಕಾಶಿಬಾಯಿ ಎಂಬ ರೈತ ಹೆಂಗಸು ಬಾಗಿದ ಔಷಧಿ ಪೈಪು ಹಿಡಿದುಕೊಂಡು ಬಂದಳು. ಬೋರ್ಡು ಓದಲಿಲ್ಲವೋ, ಓದಿಯೂ ಬಂದಳೋ.

“ಇದರಂಥದು ಒಂದು ಕೊರದು ಕೊಡೋ ಯಪ್ಪಾ. ನಾಳಿ ಔಷಧಿ ಹೊಡಿಯೂದೈತಿ.”

“ಆ ಕೆಲಸ ಬಿಟ್ಟೇನಿ ಯಕ್ಕಾ.”

“ಕೋರ್ಟಿನಾಗ ಗೆದ್ದ ಯಲಗೂರಪ್ಪ ಅಂದ್ರ ನೀನಾ ಅಲ್ಲೇನು?”

“ಹೌದು.”

“ಗೆದ್ದ ಮ್ಯಾಲೆ ಮತ್ಯಾಕ ಅಂಜತಿ?”

ಅವನು ಪೊರಕೆ ತೆಗೆದುಕೊಂಡು ಲೇಥಿನ ಕೆಳಗಿನ ಸುರುಳಿಗಳನ್ನು ಗುಡಿಸತೊಡಗಿದ. ಅವಳು ಪೈಪು ಹೆಗಲಿಗೇರಿಸಿ, ಬಿಸಿಲಿಗೆ ಸೆರಗು ಮುಂದೆ ಎಳೆದುಕೊಂಡು, ರಸ್ತೆ ದಾಟಿ ಸುಭಾಷನ ಅಂಗಡಿಯ ಕಡೆಗೆ ನಡೆದಳು.